ಮಾವನ ಷರಾ ಕಾಲಮ್ಮು

ನಮ್ಮ ಸೋದರಮಾವನಿಗೆ ನಿಮ್ಮ ಹೆಸರು ಹೇಳಿ ಏನೂ ಪ್ರಯೋಜನವಿಲ್ಲ. ಹತ್ತು ಸಲ ಹೇಳಿದರೂ ಹನ್ನೊಂದನೆಯ ಸಲ ನಿಮ್ಮನ್ನು ಕಂಡಾಗ "ಇವರು... ಇವರು..." ಎಂದು ಗಾಳಿಯಲ್ಲಿ ಬೆರಳಾಡಿಸುತ್ತಾರೆ. ಆದರೆ ನಿಮ್ಮ ರಕ್ತದ ಗುಂಪನ್ನು ಒಂದೇ ಒಂದು ಸಲ ಹೇಳಿ ನೋಡಿ! ಇಪ್ಪತ್ತು ವರ್ಷವಾದ ಮೇಲೂ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ, ನಿಮ್ಮ ಬಾಯಲ್ಲಿ ಹೋಳಿಗೆ ಇರುವಾಗ ಸರಿಯಾಗಿ, ಎದುರು ಸಾಲಿನಿಂದ ಕೂಗುತ್ತಾರೆ: "ಓಹೋ, ಓ ನೆಗೆಟಿವ್! ಚೆನ್ನಾಗಿದೀರಾ?"

ಅಕ್ಕಪಕ್ಕದವರು ನಿಮಗೇನೋ ಅಂಟುರೋಗ ಇದೆಯೇನೋ ಎಂಬಂತೆ ಎಲೆ ಒಂದಿಷ್ಟು ಸರಿಸಿಕೊಳ್ಳುತ್ತಾರೆ. ಮಾವನಿಗೆ ಅದರ ಪರಿವೆಯೇ ಇರುವುದಿಲ್ಲ. ಅವರಾಗಲೇ ಬಡಿಸಲು ಬಂದವನನ್ನು ತಡೆದು ವಿಚಾರಿಸುತ್ತಿರುತ್ತಾರೆ, "ನಿಂದು ಯಾವುದಪ್ಪಾ?" ಅವನು ಪಾಪ, "ಚಿತ್ರಾನ್ನ ಸಾರ್" ಎನ್ನುತ್ತಾನೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆಯನ್ನು ನಮ್ಮ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ. ವಿಜಯನಗರದ ನಮ್ಮ ಪುಟ್ಟ ಹಜಾರದಲ್ಲಿ ಎರಡೂ ಕಡೆಯವರು ಕೇಸರಿಬಾತು ಮುಗಿಸಿ, ಮೊದಲು ಯಾರು ಮಾತೆತ್ತುವುದು ಎಂದು ಸೀಲಿಂಗ್ ಫ್ಯಾನು ನೋಡುತ್ತ ಕೂತಿದ್ದರು. ಮಾವ ಗಂಟಲು ಸರಿಮಾಡಿಕೊಂಡು ಹುಡುಗನ ತಂದೆಯನ್ನು ಕೇಳಿಯೇಬಿಟ್ಟರು:

"ನಿಮ್ಮ ಹುಡುಗ ಯಾವ ಗುಂಪು?"

ಆ ಹಿರಿಯರು ಆಗಷ್ಟೇ ತಮ್ಮ ಬಡಾವಣೆಯ ಸಂಘದ ಚುನಾವಣೆಯಲ್ಲಿ ನಿಂತು ಸೋತಿದ್ದರು. ಅವರ ಮುಖ ಕೆಂಪಾಯಿತು. "ನೋಡಿ ಸಾರ್, ನಮ್ಮ ಹುಡುಗ ಯಾವ ಗುಂಪಿಗೂ ಸೇರಿದೋನಲ್ಲ. ಅಂಥದ್ದಕ್ಕೆಲ್ಲ ಹೋಗೋದೇ ಇಲ್ಲ."

"ಅದ್ಹೇಗೆ ಸಾರ್ ಆಗತ್ತೆ? ಹುಟ್ಟುತ್ತಲೇ ಒಂದು ಗುಂಪು ಅಂತ ಇದ್ದೇ ಇರತ್ತಲ್ಲ!"

ಈಗ ಅವರ ಕಡೆಯ ಅಜ್ಜಿಯೊಬ್ಬರು, ಇದು ಒಳಪಂಗಡದ ವಿಚಾರಣೆ ಎಂದುಕೊಂಡು, ಗೋತ್ರ ಸೂತ್ರಗಳನ್ನು ಹೇಳತೊಡಗಿದರು. ಪರಿಸ್ಥಿತಿ ಕೈಮೀರುವ ಮೊದಲು ಹುಡುಗನೇ ಮೆಲ್ಲಗೆ, "ಎಬಿ ನೆಗೆಟಿವ್ ಸಾರ್" ಎಂದ. ಮಾವ ಎದ್ದು ನಿಂತರು. ಎದ್ದವರೇ ಅಡುಗೆಮನೆಗೆ ನುಗ್ಗಿ ನನ್ನ ಕಿವಿಯಲ್ಲಿ, ಅಂದರೆ ಇಡೀ ಹಜಾರಕ್ಕೆ ಕೇಳಿಸುವಂತೆ, ಉಸುರಿದರು: "ಎಬಿ ನೆಗೆಟಿವ್ ಕಣೇ! ಊರೆಲ್ಲ ಹುಡುಕಿದ್ರೂ ಸಿಗಲ್ಲ! ಬಿಡಬೇಡ!"

ಅಮ್ಮ ತಲೆ ಚಚ್ಚಿಕೊಂಡರು. "ಹುಡುಗನಿಗೆ ಕೆಲಸ ಏನು ಅಂತ ಕೇಳಿದೆಯೇನೋ?"

"ಕೆಲಸ ಬದಲಾಗತ್ತೆ ಕಣಕ್ಕ. ಗುಂಪು ಬದಲಾಗಲ್ಲ."

ಮದುವೆಯಾಯಿತು. ನನ್ನ ಗಂಡನಿಗೆ ಒಂದು ಹೆಸರಿದೆ ಎಂಬುದು ಮಾವನಿಗೆ ಇವತ್ತಿಗೂ ಗೊತ್ತಿಲ್ಲ.

ಈ ಹುಚ್ಚು ಎಲ್ಲಿಂದ ಅಂಟಿತು ಅನ್ನುತ್ತೀರಾ? ಮಾವ ಬಿನ್ನಿಪೇಟೆಯ ಕಡೆ ಒಂದು ಗಿರಣಿಯ ಟೈಂ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಗೆರೆ ಎಳೆದ ಪುಸ್ತಕದಲ್ಲಿ ಬರೆಯುವ ಕೆಲಸ. ಒಮ್ಮೆ ಅಲ್ಲಿ ಒಬ್ಬ ಕೆಲಸಗಾರನ ಕೈ ಯಂತ್ರಕ್ಕೆ ಸಿಕ್ಕಿಕೊಂಡಾಗ, ರಕ್ತ ಬೇಕೆಂದು ಇಡೀ ಗಿರಣಿಯಲ್ಲಿ ಕೂಗಾಡಿದರಂತೆ. ಕೊಡಲು ನೂರು ಜನ ಮುಂದೆ ಬಂದರು, ತಮ್ಮದು ಯಾವ ಗುಂಪು ಎಂದು ಒಬ್ಬರಿಗೂ ಗೊತ್ತಿರಲಿಲ್ಲ! ಆ ವಾರದಿಂದ ಮಾವ ಹಾಜರಿ ಪುಸ್ತಕದಲ್ಲಿ ಪ್ರತಿಯೊಂದು ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಗುಂಪು ಬರೆಯತೊಡಗಿದರು. ಗಿರಣಿ ಮುಚ್ಚಿತು, ಪೆನ್ಸಿಲು ನಿಲ್ಲಲಿಲ್ಲ. ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದ ಮೇಲೆ ಒಂದು ಹಳೆಯ ಕಂಪ್ಯೂಟರು ತಂದು, ನೋಟುಪುಸ್ತಕದಲ್ಲಿದ್ದುದನ್ನೆಲ್ಲ ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಒಂದು ಫೈಲು ಮಾಡಿದರು. ಸಾವಿರದ ಇನ್ನೂರಕ್ಕೂ ಹೆಚ್ಚು ಸಾಲು. ಒಂದು ಸಾಲಿಗೆ ಒಬ್ಬ ದಾನಿ. ಹೆಸರು, ಗುಂಪು, ಏರಿಯಾ, ಫೋನು, ಕೊನೆಯ ಸಲ ರಕ್ತ ಕೊಟ್ಟ ದಿನ, ಷರಾ. ನಡುನಡುವೆ ಕಾಮಾ.

ನೆನಪಿಡಿ, ಷರಾ. ನನ್ನ ಜೀವನದ ಮೂರು ತಿಂಗಳು ತಿಂದುಹಾಕಿದ ಪದ ಅದು.

ಒಂದು ಭಾನುವಾರ ಬೆಳಗ್ಗೆ ಮಾವ ಬಸವೇಶ್ವರನಗರದ ನಮ್ಮ ಮನೆಗೆ ಬಂದರು. ಕೆಂಗೇರಿಯಿಂದ ವಿಜಯನಗರದವರೆಗೆ ಮೆಟ್ರೋದಲ್ಲಿ ಬರುವಷ್ಟರಲ್ಲಿ ಇಬ್ಬರು ಹೊಸ ದಾನಿಗಳನ್ನು ಹಿಡಿದಿದ್ದರು. ಆದರೂ ಮುಖದಲ್ಲಿ ಎಂದಿನ ಗೆಲುವಿರಲಿಲ್ಲ. ಹಿಂದಿನ ವಾರ ಯಾರೋ ಓ ನೆಗೆಟಿವ್ ಕೇಳಿ ಫೋನ್ ಮಾಡಿದ್ದರಂತೆ. ಕೆಂಗೇರಿಯಲ್ಲೇ ಒಬ್ಬರಿದ್ದಾರೆ ಎಂದು ಗೊತ್ತು, ಆ ಸಾಲು ಮಾತ್ರ ಸಿಗುತ್ತಿಲ್ಲ. ಫೈಲಿನಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿ ಸಿಕ್ಕಿದಾಗ ಒಂದೂವರೆ ಗಂಟೆ ಆಗಿಹೋಗಿತ್ತು.

"ಅಷ್ಟರಲ್ಲಿ ಅವರು ಬೇರೆ ಕಡೆ ನೋಡ್ಕೊಂಡಿದ್ರು, ಪುಣ್ಯ" ಎಂದರು. "ನೋಡ್ಕೊಳ್ದೇ ಇದ್ದಿದ್ರೆ?"

ನಾನು ಕೆಲಸ ಮಾಡುವುದೇ ಡೇಟಾಬೇಸುಗಳ ಜೊತೆ. ಅಂದರೆ, ಮಾಹಿತಿಯನ್ನು ಖಾನೆ ಖಾನೆಯಾಗಿ ಜೋಡಿಸಿಟ್ಟು, ಕೇಳಿದ ಕ್ಷಣಕ್ಕೆ ಹೊರಗೆ ಕೊಡುವ ಕಪಾಟಿನ ಕಾವಲು. "ಇಷ್ಟೇನಾ ಮಾವ? ಒಂದು ಪುಟ್ಟ ಪ್ರೋಗ್ರಾಂ ಬರೆದ್ರೆ ಆಯ್ತು. ಒಂದೊಂದೇ ಸಾಲು ಓದತ್ತೆ, ಕಾಮಾ ಇದ್ದ ಕಡೆ ಮುರಿಯತ್ತೆ, ಚೂರುಗಳನ್ನ ಅದದರ ಖಾನೆಗೆ ಹಾಕತ್ತೆ. ಮಧ್ಯಾಹ್ನ ಊಟದೊಳಗೆ ಮುಗಿಸ್ತೀನಿ" ಎಂದೆ.

ಯಾವ ದಿನದ ಊಟ ಎಂದು ಹೇಳಿರಲಿಲ್ಲ, ಅಷ್ಟೇ ನನ್ನ ಪುಣ್ಯ.

ಮೊದಲಿಗೆ ಫೈಲು ತೆರೆದರೆ ಅದರಲ್ಲಿ ಕನ್ನಡವೇ ಇರಲಿಲ್ಲ! ಕೊಕ್ಕೆಗಳು, ಪೌಂಡಿನ ಗುರುತುಗಳು, ತಲೆಯ ಮೇಲೆ ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು. ಮಾವ ಬಳಸಿದ್ದು ಯಾವುದೋ ಓಬೀರಾಯನ ಕಾಲದ ಕನ್ನಡ ತಂತ್ರಾಂಶ. ಅದರ ಕನ್ನಡ ಅದಕ್ಕೆ ಮಾತ್ರ ಗೊತ್ತು. ಅದನ್ನು ಈಗಿನ ಕನ್ನಡಕ್ಕೆ ತರಲು ಒಂದು ವಾರ ಹಿಡಿಯಿತು. ತಂದ ಮೇಲೂ ಒತ್ತಕ್ಷರಗಳೆಲ್ಲ ಅಲ್ಲಲ್ಲೇ ಜಾರಿಬಿದ್ದಿದ್ದವು. ಮಾವ ಪಕ್ಕದಲ್ಲಿ ಕೂತು, "ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣತ್ತಲ್ಲೇ. ನಿಂದೇ ಏನೋ ಕೆಟ್ಟಿದೆ" ಎಂದರು.

ಎರಡನೆಯ ಭಾನುವಾರ ಪ್ರೋಗ್ರಾಂ ಓಡಿಸಿದೆ. ಹನ್ನೊಂದು ಜನ ಡೇಟಾಬೇಸಿನೊಳಕ್ಕೆ ಹೋದರು. ಹನ್ನೆರಡನೆಯವರು ಬಾಗಿಲಲ್ಲೇ ನಿಂತರು. ಪ್ರೋಗ್ರಾಂ ಕೆಂಪಕ್ಷರದಲ್ಲಿ ಕಿರುಚಿಕೊಂಡಿತು. ಏನೆಂದು ನೋಡಿದರೆ, ಷರಾ ಬರೆಯುವಾಗ ಮಾವ ಮನಸೋ ಇಚ್ಛೆ ಕಾಮಾ ಎರಚಿದ್ದರು. ಆರು ಖಾನೆಯ ಸಾಲು ಹನ್ನೊಂದು ಚೂರಾಗಿತ್ತು. ಆ ಷರಾ ಹೀಗಿತ್ತು: "ಒಳ್ಳೆಯವರು, ಆದರೆ ಕೋಪ ಜಾಸ್ತಿ, ಹೆಂಡತಿ ಊರಲ್ಲಿದ್ದರೆ ಮಾತ್ರ ಬರುತ್ತಾರೆ, ಇಲ್ಲದಿದ್ದರೆ ಮನೆಗೆ ಬೀಗ ಹಾಕಿ ಬರಬೇಕು, ಬೀಗ ಸರಿಯಿಲ್ಲ, ಆ ಯೋಚನೆ ಅವರಿಗೆ."

"ಮಾವ, ಅವರ ಮನೆ ಬೀಗ ನಮಗ್ಯಾಕೆ?"

"ಬೀಗ ಸರಿಯಿಲ್ದೇ ಇದ್ರೆ ಮನುಷ್ಯ ಬರ್ತಾನೇನೇ? ಯಾರಾದ್ರೂ ಮನೆ ಮುಂದೆ ಕೂರ್ಬೇಕು. ನಾನೇ ಕೂತಿದೀನಿ, ಎರಡು ಸಲ."

ಅಷ್ಟರಲ್ಲಿ ಅತ್ತೆ ಫೋನ್ ಮಾಡಿದರು. ಅವರು ಮಾವನ ಹೆಂಡತಿ. ಮೂವತ್ತೈದು ವರ್ಷದಿಂದ ಈ ಮನುಷ್ಯನನ್ನು ಸಹಿಸಿಕೊಂಡ ಒಂದೇ ಸಾಧನೆಗೆ ಅವರಿಗೆ ಏನಾದರೂ ಪ್ರಶಸ್ತಿ ಕೊಡಬೇಕು. "ಏನೇ, ಮುಗೀತಾ?" ಎಂದು ಕೇಳಿದರು. "ಎಲ್ಲಿ ಅತ್ತೆ, ಪ್ರೋಗ್ರಾಂ ನಿಂತುಹೋಯ್ತು" ಎಂದೆ. "ಯಾವುದರಲ್ಲೇ ಬರೆದೆ ಅದನ್ನ?" "ಪೈಥಾನ್ ಅಂತ ಒಂದು ಭಾಷೆ ಇದೆ, ಅದರಲ್ಲಿ." ಅತ್ತೆ, "ಅಯ್ಯೋ ಶಿವನೇ! ಹೆಬ್ಬಾವಿಗೂ ನಿಮ್ಮ ಮಾವನ ಬರವಣಿಗೆ ನುಂಗೋಕಾಗ್ಲಿಲ್ವಾ?" ಎಂದರು.

ಮಾವ ಹೊರಡುವಾಗ ಕೈಮುಗಿದು ಹೇಳಿದೆ, "ಮನೇಲಿ ಕೂತು ಈ ಕಾಮಾಗಳನ್ನೊಂದು ತೆಗೆದುಬಿಡಿ ಮಾವ." ತಪ್ಪು ನನ್ನದೇ. ಯಾವ ಕಾಮಾ ಎಂದು ಬಿಡಿಸಿ ಹೇಳಬೇಕಿತ್ತು. ಮುಂದಿನ ಭಾನುವಾರ ಮಾವ ಬೆರಳುಗಳ ತುದಿ ಒತ್ತಿಕೊಳ್ಳುತ್ತ ಬಂದರು. "ಏಳು ದಿನ ಹಿಡೀತು ಕಣೇ. ಒಂದೂ ಬಿಟ್ಟಿಲ್ಲ" ಎಂದು ಪೆನ್ ಡ್ರೈವ್ ಕೊಟ್ಟರು. ತೆರೆದು ನೋಡಿದೆ. ನಿಜಕ್ಕೂ ಒಂದೂ ಬಿಟ್ಟಿರಲಿಲ್ಲ! ಷರಾದ ಕಾಮಾಗಳ ಜೊತೆಗೆ ಹೆಸರು ಮತ್ತು ಗುಂಪಿನ ನಡುವಿನ ಕಾಮಾ, ಗುಂಪು ಮತ್ತು ಏರಿಯಾದ ನಡುವಿನ ಕಾಮಾ, ಎಲ್ಲವೂ ಸ್ವಚ್ಛ! ಒಂದೊಂದು ಸಾಲೂ ರೈಲ್ವೆ ನಿಲ್ದಾಣದ ಜನಜಂಗುಳಿಯಂತೆ ಯಾರು ಎಲ್ಲಿ ಮುಗಿದು ಯಾರು ಎಲ್ಲಿ ಶುರುವಾದರು ಎಂದೇ ತಿಳಿಯದಂತಾಗಿತ್ತು. ನನ್ನ ಹತ್ತಿರ ಹಳೆಯ ಫೈಲಿನ ಪ್ರತಿ ಇಲ್ಲದೇ ಹೋಗಿದ್ದರೆ ಈ ಪ್ರಬಂಧವನ್ನು ನಾನು ಯಾವುದೋ ಆಶ್ರಮದಿಂದ ಬರೆಯುತ್ತಿದ್ದೆ.

ಕಾಮಾದ ಸಮಸ್ಯೆಯನ್ನು ನಾನೇ ಬಗೆಹರಿಸಿಕೊಂಡೆ. ಮೊದಲ ಐದು ಕಾಮಾಗಳಿಗೆ ಮಾತ್ರ ಮರ್ಯಾದೆ, ಆಮೇಲಿನದೆಲ್ಲ ಷರಾಕ್ಕೆ ಸೇರಿದ್ದು ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಮತ್ತೆ ಓಡಿಸಿದೆ. ಈ ಸಲ ದಿನಾಂಕದ ಖಾನೆಯಲ್ಲಿ ನಿಂತಿತು. ಡೇಟಾಬೇಸು ಎನ್ನುವುದು ಬಹಳ ಮಡಿವಂತ ಪ್ರಾಣಿ. ದಿನಾಂಕದ ಖಾನೆಗೆ ದಿನಾಂಕವನ್ನೇ ಕೊಡಬೇಕು, ಬೇರೆ ಕೊಟ್ಟರೆ ಮುಟ್ಟುವುದಿಲ್ಲ. ಮಾವ ಏನು ಕೊಟ್ಟಿದ್ದರು ಗೊತ್ತೇ? "ಗೌರಿ ಹಬ್ಬದ ಮಾರನೇ ದಿನ."

"ಮಾವ, ಇಲ್ಲಿ ದಿನಾಂಕ ಬರೀಬೇಕು."

"ಯಾಕೆ, ಗೌರಿ ಹಬ್ಬದ ಮಾರನೇ ದಿನ ದಿನಾಂಕ ಅಲ್ವೇನೇ? ಅವತ್ತು ಗಣೇಶನ ಹಬ್ಬ."

"ಯಾವ ವರ್ಷದ್ದು?"

"ಮಾಗಡಿ ರೋಡಲ್ಲಿ ಮಂಡಿವರೆಗೂ ನೀರು ನಿಂತಿತ್ತಲ್ಲ, ಆ ವರ್ಷ."

"ಮಾವ, ಪ್ರತಿ ವರ್ಷ ನಿಲ್ಲತ್ತೆ!"

"ಅದಕ್ಕೇ ಹೇಳೋದು, ನಿನ್ನ ಕಂಪ್ಯೂಟರಿಗೆ ಊರು ಗೊತ್ತಿಲ್ಲ ಅಂತ."

ಮಂಜುನಾಥರ ಕಥೆ ಇನ್ನೂ ಚೆನ್ನಾಗಿದೆ. ಅದೇ ಹೆಸರು, ಅದೇ ಗುಂಪು, ಅದೇ ಏರಿಯಾ ಇದ್ದರೆ ಒಬ್ಬರೇ ಎಂದು ತಿಳಿದು ಒಂದು ಸಾಲು ಬಿಟ್ಟುಬಿಡು ಎಂದು ಪ್ರೋಗ್ರಾಮಿಗೆ ಬುದ್ಧಿ ಹೇಳಿದ್ದೆ. ಅದು ವಿಜಯನಗರದ ಐದು ಮಂಜುನಾಥರಲ್ಲಿ ನಾಲ್ವರನ್ನು ಒಂದೇ ಏಟಿಗೆ ಹೊರಹಾಕಿತು. ಮಾವ ಹೌಹಾರಿದರು. "ಇವನು ಗಾರೆ ಮಂಜುನಾಥ. ಇವನು ಕರಿ ಸ್ಕೂಟರ್ ಮಂಜುನಾಥ. ಇವನು ಮಂಜುನಾಥ ಬೇಡ."

"ಬೇಡ ಅನ್ನೋದು ಅಡ್ಡಹೆಸರಾ?"

"ಅಲ್ವೇ! ಅವನ್ನ ಕರೀಬೇಡ ಅಂತ. ರಕ್ತ ಕೊಟ್ಟ ಮೇಲೆ ಆಸ್ಪತ್ರೆ ಬಾಗಿಲಲ್ಲಿ ಭಾಷಣ ಮಾಡ್ತಾನೆ. ರೋಗಿ ಕಡೆಯವರು ಅಳ್ತಾ ಇದ್ರೂ ಬಿಡಲ್ಲ."

"ಬೇಡವಾದವರನ್ನ ಯಾಕೆ ಇಟ್ಕೊಂಡಿದೀರಿ?"

"ರಕ್ತ ಒಳ್ಳೇದಲ್ವಾ!"

ತೀರಿಕೊಂಡವರ ಸಾಲುಗಳನ್ನೂ ತೆಗೆಯಲು ಬಿಡಲಿಲ್ಲ. "ಅಪ್ಪನ ಸಾಲು ಇರ್ಲಿ. ಅದನ್ನ ನೋಡಿ ಮಗನಿಗೆ ಫೋನ್ ಮಾಡ್ಬೇಕು. 'ನಿಮ್ಮ ತಂದೆ ಹದಿನೇಳು ಸಲ ಕೊಟ್ಟಿದ್ರಪ್ಪ' ಅಂದ್ರೆ ಮಗ ಇಲ್ಲ ಅನ್ನಲ್ಲ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದು ಸಲ ಗಡಿಬಿಡಿಯಲ್ಲಿ ಪ್ರೋಗ್ರಾಂ ಎರಡು ಸಲ ಓಡಿ ಎಲ್ಲ ಸಾಲುಗಳೂ ಜೋಡಿ ಜೋಡಿಯಾಗಿ ಕೂತವು. ನಾನು ತಲೆ ಮೇಲೆ ಕೈಹೊತ್ತು ಕೂತಿದ್ದರೆ, ಮಾವ ಮೊತ್ತ ನೋಡಿ ಹಿಗ್ಗಿದರು: "ಭೇಷ್! ಒಂದೇ ದಿನಕ್ಕೆ ಎರಡರಷ್ಟು ದಾನಿಗಳು! ನೋಡು, ಕಂಪ್ಯೂಟರು ಅಂದ್ರೆ ಇದು!"

ಹೀಗೆ ಭಾನುವಾರಗಳು ಹೋದವು. ನನ್ನ ಗಂಡ ಭಾನುವಾರದ ಹೊತ್ತಿಗೆ ತರಕಾರಿ ತರುವ ನೆಪದಲ್ಲಿ ಪರಾರಿಯಾಗುವುದನ್ನು ಕಲಿತ. ಹೆಸರು, ಗುಂಪು, ಏರಿಯಾ, ಫೋನು, ದಿನಾಂಕಗಳೆಲ್ಲ ಕೊನೆಗೂ ಒಂದು ಹದಕ್ಕೆ ಬಂದವು. ಷರಾ ಮಾತ್ರ ಬಗ್ಗಲಿಲ್ಲ. ಕೆಲವು ಷರಾಗಳು ಒಂದು ಪುಟಕ್ಕಿಂತ ಉದ್ದ! ಯಾರ ಮಗಳ ಮದುವೆ ಮುರಿಯಿತು, ಯಾರಿಗೆ ಬಿಸಿಲು ಆಗುವುದಿಲ್ಲ, ಯಾರ ನಾಯಿ ಕಚ್ಚುತ್ತದೆ. ಡೇಟಾಬೇಸಿನ ಕಪಾಟಿನೊಳಗೆ ಒಂದು ಸಂಸಾರವನ್ನೇ ಕೂಡಿಸಿದ ಹಾಗೆ. ನನ್ನ ತಾಳ್ಮೆ ಕಿತ್ತುಹೋಯಿತು. ಷರಾದ ಖಾನೆಗೆ ನಲವತ್ತು ಅಕ್ಷರದ ಮಿತಿ ಹಾಕಿದೆ. ಅದಕ್ಕಿಂತ ಉದ್ದವಿದ್ದರೆ ಸದ್ದಿಲ್ಲದೆ ಕತ್ತರಿಸು ಎಂದು ಬರೆದೆ.

ಮಾವ ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದರು. "ನನ್ನ ಷರಾ ಎಲ್ಲಾ ಪೂರ್ತಿ ಬಂತೇನೇ?"

"ಹ್ಞೂ ಮಾವ" ಎಂದೆ.

ಮನೆ ದೇವರ ಮುಂದೆ ಹೇಳಿದ ಸುಳ್ಳಿಗಿಂತ ದೊಡ್ಡ ಸುಳ್ಳು ಅದು ಎಂದು ಆಗ ಗೊತ್ತಿರಲಿಲ್ಲ. ಮಾವ ಸಂತೋಷದಿಂದ ಎದ್ದು, "ಇನ್ನು ಯಾರು ಫೋನ್ ಮಾಡಿದ್ರೂ ನಿನಗೇ ಹೇಳ್ತೀನಿ, ಹುಡುಕಿ ಕೊಡು" ಎಂದು ಹೊರಟರು.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಮಾವನ ಫೋನು ಬಂತು. ರಾಜಾಜಿನಗರದ ಒಂದು ಆಸ್ಪತ್ರೆಯಿಂದ ಮಾತಾಡುತ್ತಿದ್ದರು. ಶಾಲೆಯೊಂದರ ಟೀಚರಮ್ಮ ಸ್ಕೂಟರಿನಿಂದ ಬಿದ್ದಿದ್ದಾರೆ, ತೊಡೆ ಮುರಿದಿದೆ, ಸಂಜೆಗೆ ಆಪರೇಷನ್ನು. ಎ ನೆಗೆಟಿವ್ ಎರಡು ಬಾಟಲಿ ಬೇಕು, ಒಂದೇ ಸಿಕ್ಕಿದೆ. ಕೊಟ್ಟ ರಕ್ತವನ್ನು ಪರೀಕ್ಷೆ ಮಾಡಿ ಕೈಗೆ ಕೊಡಲು ಹೊತ್ತು ಹಿಡಿಯುವುದರಿಂದ ಹನ್ನೆರಡರೊಳಗೆ ದಾನಿ ಬರಬೇಕು. "ಹುಡುಕೇ ಬೇಗ" ಎಂದರು. ಹಿಂದೆ ಯಾರೋ ಹೆಂಗಸು ಬಿಕ್ಕುತ್ತಿರುವ ಸದ್ದು. ಆ ಟೀಚರಮ್ಮನ ತಾಯಿಯಂತೆ.

ಹುಡುಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಹೆಸರು ಬಂತು. ನನಗೆ ಎಂಥ ಹೆಮ್ಮೆ! ಮೊದಲನೆಯವರಿಗೆ ಫೋನ್ ಮಾಡಿದರೆ ಮೈಸೂರಿನಲ್ಲಿದ್ದರು. ಎರಡನೆಯವರು ಹೋದ ತಿಂಗಳಷ್ಟೇ ಕೊಟ್ಟಿದ್ದರು. ಮೂರನೆಯವರು ಸುನಂದಾ, ಕಾಮಾಕ್ಷಿಪಾಳ್ಯ. ಫೋನು ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಆರು ಸಲ ಮಾಡಿದೆ. ಹತ್ತೂ ಇಪ್ಪತ್ತಾಯಿತು.

"ಮಾವ, ಸುನಂದಾ ಅನ್ನೋರು ಫೋನೇ ಎತ್ತುತ್ತಿಲ್ಲ."

"ಷರಾ ಓದೇ."

ಓದಿದೆ. "'ಫೋನ್ ಎತ್ತಲ್ಲ ಅಂತ ಬಿಡಬೇಡ. ಹಗಲು ಹೊತ್ತು ಗಾರ್.' ಇಷ್ಟೇ ಇದೆ."

"ಗಾರ್? ಗಾರ್ ಅಂದ್ರೇನೇ? ಮುಂದೆ ಓದು."

"ಮುಂದೆ ಇಲ್ಲ ಮಾವ."

"ಇಲ್ಲ ಅಂದ್ರೆ? ನಾನು ಬರ್ದಿದೀನಲ್ಲೇ! ಪೂರ್ತಿ ಬಂದಿದೆ ಅಂದ್ಯಲ್ಲ?"

"ನಾನೇ... ಕಟ್ ಮಾಡಿದೀನಿ. ನಲವತ್ತು ಅಕ್ಷರಕ್ಕೆ."

ನಮ್ಮ ಮಾವ ಮಾತಾಡದೆ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ದಿನ ಕೇಳಿಸಿಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋನಿನಲ್ಲಿ ಆ ತಾಯಿಯ ಬಿಕ್ಕು ಮಾತ್ರ ಇತ್ತು. ಆಮೇಲೆ ಮಾವ ಬಹಳ ಮೆತ್ತಗೆ, "ಹಳೇ ಫೈಲು ಇದೆಯೇನಮ್ಮ?" ಎಂದರು.

ಇತ್ತು. ತೆರೆದು ಸುನಂದಾ ಎಂದು ಹುಡುಕಿದೆ. ಪೂರ್ತಿ ಷರಾ ಹೀಗಿತ್ತು: "ಫೋನ್ ಎತ್ತಲ್ಲ ಅಂತ ಬಿಡಬೇಡ. ಹಗಲು ಹೊತ್ತು ಗಾರ್ಮೆಂಟ್ಸಿನಲ್ಲಿ ಹೊಲಿಗೆ, ಒಳಗೆ ಫೋನ್ ಬಿಡುವುದಿಲ್ಲ, ಪೊಲೀಸ್ ಠಾಣೆ ಹಿಂದಿನ ರಸ್ತೆ, ನೀಲಿ ಗೇಟು. ಗೇಟಿನಲ್ಲಿ ರಂಗಣ್ಣ ಎಂಬ ಸೆಕ್ಯುರಿಟಿ, ರಕ್ತದ ಸಾರ್ ಕಳಿಸಿದ್ದಾರೆ ಅಂದರೆ ಒಳಗೆ ಹೋಗಿ ಹೇಳುತ್ತಾರೆ. ಸೂಪರ್‌ವೈಸರ್ ಹೆಂಗಸು ಒರಟು, ಆದರೆ ಅವರ ಅಣ್ಣನಿಗೆ ನಾವು ಕೊಡಿಸಿದ್ದೇವೆ, ಅದನ್ನು ನೆನಪು ಮಾಡಬೇಕು, ಜೋರಾಗಿ ಅಲ್ಲ. ಸುನಂದಮ್ಮ ಬೆಳಗ್ಗೆ ತಿಂಡಿ ತಿನ್ನದೆ ಕೆಲಸಕ್ಕೆ ಹೋಗುತ್ತಾರೆ. ಮೊದಲು ಇಡ್ಲಿ ತಿನ್ನಿಸು, ಆಮೇಲೆ ಕರೆದುಕೊಂಡು ಹೋಗು."

ಸ್ಕೂಟರ್ ತೆಗೆದೆ. ಬಸವೇಶ್ವರನಗರದಿಂದ ಕಾಮಾಕ್ಷಿಪಾಳ್ಯ ಎಷ್ಟು ದೂರ, ಮಾಗಡಿ ರಸ್ತೆಯ ಟ್ರಾಫಿಕ್ಕು ಕೃಪೆ ಮಾಡಿದರೆ! ಠಾಣೆ, ಹಿಂದಿನ ರಸ್ತೆ, ನೀಲಿ ಗೇಟು. ಖಾಕಿ ತೊಟ್ಟ ಮುದುಕರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು.

"ರಂಗಣ್ಣ ಅಂದ್ರೆ ನೀವೇನಾ? ರಕ್ತದ ಸಾರ್ ಕಳಿಸಿದ್ರು."

ಅವರು ಪುಸ್ತಕದಲ್ಲಿ ಸಹಿ ಹಾಕಿ ಎನ್ನಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ. "ಯಾರಿಗಮ್ಮಾ ಏನಾಯ್ತು?" ಎಂದವರೇ ಒಳಗೆ ಓಡಿದರು. ಸೂಪರ್‌ವೈಸರು ಸೊಂಟದ ಮೇಲೆ ಕೈಯಿಟ್ಟು ಬಂದರು. "ಶಿಪ್‌ಮೆಂಟ್ ಇದೆ ಇವತ್ತು, ಯಾರನ್ನೂ ಬಿಡೋಕಾಗಲ್ಲ ಮೇಡಂ." ನಾನು ಜೋರಾಗಿ ಅಲ್ಲದೆ, ಮೆಲ್ಲಗೆ, "ನಿಮ್ಮ ಅಣ್ಣ ಈಗ ಹೇಗಿದಾರೆ?" ಎಂದೆ. ಆ ಕೈಗಳು ಸೊಂಟದಿಂದ ತಾವಾಗಿ ಇಳಿದವು. "ಎರಡು ಗಂಟೆಯೊಳಗೆ ವಾಪಸ್ ಕಳಿಸಿ" ಎಂದು ತಿರುಗಿಕೊಂಡರು.

ಸುನಂದಾ ಬಂದರು. ನಲವತ್ತರ ಆಸುಪಾಸು, ತಲೆಗೂದಲಲ್ಲೆಲ್ಲ ನೂಲಿನ ಎಳೆ. ಎದುರಿನ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತ, "ಸಾರ್ ಬರ್ಲಿಲ್ವಾ? ಯಾವಾಗ್ಲೂ ಅವರೇ ಬರೋರು" ಎಂದರು. "ಈ ಸಲ ಕಂಪ್ಯೂಟರಲ್ಲಿ ಹುಡುಕಿದ್ವಿ" ಎಂದೆ. ಹೇಳುವಾಗಲೇ ನಾಚಿಕೆಯಾಯಿತು. ಅವರು ಚಟ್ನಿ ಬಳಿದು, "ಕಂಪ್ಯೂಟರಿಗೂ ನಾನು ತಿಂಡಿ ತಿಂದಿರಲ್ಲ ಅಂತ ಗೊತ್ತಾ ಮೇಡಂ?" ಎಂದು ನಕ್ಕರು. ಹನ್ನೊಂದು ಮುಕ್ಕಾಲಿಗೆ ಆಸ್ಪತ್ರೆಯಲ್ಲಿದ್ದೆವು. ಸಂಜೆ ಆಪರೇಷನ್ನು ಆಯಿತು. ಟೀಚರಮ್ಮ ಈಗ ಕೋಲೂರಿಕೊಂಡು ಶಾಲೆಗೆ ಹೋಗುತ್ತಾರೆ. ಮಾವನ ಫೈಲಿನಲ್ಲಿ ಅವರಿಗೊಂದು ಸಾಲೂ ಆಗಿದೆ.

ಮಾರನೆಯ ಬೆಳಗ್ಗೆ ನಾನಾಗಿಯೇ ಕಂಪ್ಯೂಟರಿನ ಮುಂದೆ ಕೂತೆ. ಷರಾದ ಖಾನೆಯ ಮಿತಿ ತೆಗೆದುಹಾಕಿದೆ. ಎಷ್ಟುದ್ದವಾದರೂ ಬರೆದುಕೊಳ್ಳಲಿ, ನಾಯಿಯೂ ಬರಲಿ, ಬೀಗವೂ ಬರಲಿ! ಡೇಟಾಬೇಸನ್ನು ಖಾಲಿ ಮಾಡಿ ಎಲ್ಲ ಸಾಲುಗಳನ್ನು ಮೊದಲಿಂದ ತುಂಬಿಸಿದೆ. ಈ ಸಲ ಯಾರನ್ನೂ ಸದ್ದಿಲ್ಲದೆ ಕತ್ತರಿಸಬಾರದು, ಬಾಗಿಲಲ್ಲಿ ನಿಂತವರನ್ನೆಲ್ಲ ಬೇರೊಂದು ಪಟ್ಟಿಯಲ್ಲಿ ಬರೆದಿಡು ಎಂದು ಪ್ರೋಗ್ರಾಮಿಗೆ ತಾಕೀತು ಮಾಡಿದ್ದೆ. ಕೊನೆಗೆ ಆ ಪಟ್ಟಿಯಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಫೋನ್ ನಂಬರಿನ ಜಾಗ ಖಾಲಿ ಎಂದು ಪ್ರೋಗ್ರಾಂ ಅದನ್ನು ಹೊರಗಿಟ್ಟಿತ್ತು.

ಮಾವನಿಗೆ ಬೈದುಕೊಳ್ಳುತ್ತಲೇ ತೆರೆದೆ. ಫೋನ್ ನಂಬರೇ ಇಲ್ಲದ ದಾನಿ ಯಾವ ಪ್ರಯೋಜನಕ್ಕೆ?

ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಮಾವನಿಗೆ ಹೆಸರು ನೆನಪಿರುವುದಿಲ್ಲ ಎಂದೆನಲ್ಲ, ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಗುಂಪು ಬಿ ನೆಗೆಟಿವ್. ಕೊನೆಯ ಸಲ ಕೊಟ್ಟ ದಿನ: "ಕೇಳಿಲ್ಲ." ಷರಾ ಓದಿದೆ.

"ಇವಳನ್ನು ಕೇಳಬೇಡ. ಎರಡು ಸಲ ಬಸಿರು ನಿಲ್ಲಲಿಲ್ಲ, ಮೈಯಲ್ಲಿ ರಕ್ತ ಕಡಿಮೆ. ತಾನಾಗಿ ಕೊಡುತ್ತೇನೆ ಅಂದರೂ ಬೇಡ ಅನ್ನಬೇಕು. ಇವಳಿಗೇ ಬೇಕಾದರೆ: ಪ್ರಸನ್ನ ಬಿನ್ನಿಪೇಟೆ, ಅಕ್ಬರ್ ಮೇಸ್ತ್ರಿ, ಕೆಂಗೇರಿಯ ಲೋಕೇಶ, ಪೋಸ್ಟ್ ಆಫೀಸಿನ ನಾಗರತ್ನಮ್ಮ. ನಾಲ್ವರಿಗೂ ಹೇಳಿಟ್ಟಿದ್ದೇನೆ, ವರ್ಷಕ್ಕೊಂದು ಸಲ ನೆನಪು ಮಾಡುತ್ತೇನೆ. ಮೂರನೇ ಸಲ ಹೆರಿಗೆಯ ದಿನ ನಾಲ್ವರೂ ಬೆಳಗ್ಗೆ ಆರರಿಂದ ಆಸ್ಪತ್ರೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬೇಕಾಗಲಿಲ್ಲ. ಹೆಣ್ಣು ಮಗು. ಟೀ ಕುಡಿಸಿ ಕಳಿಸಿದೆ. ಇವಳಿಗೆ ಹೇಳಿಲ್ಲ, ಗಾಬರಿಯಾಗುತ್ತಾಳೆ."

ಮಗಳಿಗೆ ಈಗ ಹನ್ನೊಂದು ವರ್ಷ. ಅವಳು ಹಜಾರದಲ್ಲಿ ಏನನ್ನೋ ಜೋರಾಗಿ ಓದುತ್ತಿದ್ದಳು. ನಾನು ಮಾವನಿಗೆ ಫೋನ್ ಮಾಡಿದೆ.

"ಏನೇ, ಇವತ್ತು ಬರ್ಬೇಕಾ?" ಎಂದರು.

"ಇಲ್ಲ ಮಾವ. ನಾಲ್ಕು ಜನದ ನಂಬರ್ ಬೇಕಿತ್ತು. ಪ್ರಸನ್ನ, ಅಕ್ಬರ್ ಮೇಸ್ತ್ರಿ, ಲೋಕೇಶ, ನಾಗರತ್ನಮ್ಮ."

ಆ ಕಡೆ ಮಾವ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. "ಯಾಕಮ್ಮ? ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ ಮಾವ. ಬರೀ ಟೀ ಕುಡಿಸಿ ಕಳಿಸಿದೀರಲ್ಲ. ಒಂದು ದಿನ ಊಟಕ್ಕೆ ಕರೀಬೇಕು ಅಂತಿದೀನಿ."

ಮಾವ ಏನೂ ಆಗಿಲ್ಲವೆಂಬಂತೆ ಹೇಳಿದರು:

"ಕರಿ. ಲೋಕೇಶನಿಗೆ ಮಾತ್ರ ಪಾಯಸ ಬಡಿಸಬೇಡ. ಸಕ್ಕರೆ ಕಾಯಿಲೆ. ಕೇಳಿದ್ರೆ ಬೇಡ ಅನ್ನಲ್ಲ ಅವನು."